ಮಾವನ ಲಿನಕ್ಸು ಮತ್ತು ಮೇನ್ ಸ್ವಿಚ್ಚು

ನಮ್ಮ ಸೋದರಮಾವನ ತಲೆ ಕೆಟ್ಟಿದೆ ಎಂದು ಬಸವಕಲ್ಯಾಣದಲ್ಲಿ ಅನೇಕರು ನಂಬಿದ್ದಾರೆ. ನಾನು ಮಾತ್ರ ಸುತರಾಂ ಒಪ್ಪುವುದಿಲ್ಲ. ಕೆಟ್ಟಿದ್ದರೆ ಅವರು ಸುಮ್ಮನೆ ಬಿಡುತ್ತಿದ್ದರೇ? ಇಷ್ಟರಲ್ಲಿ ಸ್ಕ್ರೂಡ್ರೈವರ್ ಹಿಡಿದು ತಾವೇ ಬಿಚ್ಚಿ, ಒಳಗಿನ ಧೂಳು ಊದಿ, ಒಂದೆರಡು ಸ್ಕ್ರೂ ಹೊರಗೇ ಉಳಿಸಿಕೊಂಡು ಮತ್ತೆ ಮುಚ್ಚಿರುತ್ತಿದ್ದರು!

ಮಾವ ಕರೆಂಟ್ ಆಫೀಸಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಕಂಬ ಹತ್ತಿದವರಲ್ಲ, ತಂತಿ ಮುಟ್ಟಿದವರಲ್ಲ. ಆದರೂ ಇಡೀ ತಾಲೂಕಿಗೆ ಬೆಳಕು ಕೊಟ್ಟವರು ತಾವೇ ಎಂಬ ಗತ್ತಿನಲ್ಲಿ ಓಡಾಡುತ್ತಿದ್ದರು. ಅವರ ಬದುಕಿಗೆ ಇದ್ದದ್ದು ಒಂದೇ ನಿಯಮ: ಮನೆಗೆ ಬೀಗ ಹಾಕುವ ಮೊದಲು ಮೇನ್ ಸ್ವಿಚ್ ತೆಗೆದು ಕರೆಂಟ್ ಬಂದ್ ಮಾಡಬೇಕು. ಎಲ್ಲರೂ ಚಪ್ಪಲಿ ಮೆಟ್ಟಿ ಅಂಗಳಕ್ಕೆ ಬಂದ ಮೇಲೆ ಇವರು ಏನೋ ಮರೆತವರಂತೆ ಒಳಗೆ ಹೋಗುತ್ತಿದ್ದರು. ಒಳಗಿನಿಂದ 'ಖಟ್' ಎಂದು ಸದ್ದು ಬರುತ್ತಿತ್ತು. ಓಣಿಯ ಮಕ್ಕಳು ಆಟಕ್ಕೆ ಮುಟ್ಟುತ್ತಾರೆಂದು ಸ್ವಿಚ್ಚಿನ ಪೆಟ್ಟಿಗೆಗೂ ಒಂದು ಪುಟ್ಟ ಬೀಗ ಜಡಿದಿದ್ದರು. ಹಾಲು ತರಲು ಹೋದರೂ ಇಷ್ಟೂ ಶಾಸ್ತ್ರ ಆಗಲೇಬೇಕು!

ಮನೆಯಲ್ಲಷ್ಟೇ ಆಗಿದ್ದರೆ ಸಹಿಸಬಹುದಿತ್ತು. ನಮ್ಮ ಅಕ್ಕನ ಮದುವೆಯಲ್ಲಿ ಮಾವ ರಾತ್ರಿ ಊಟದ ಮೊದಲ ಪಂಕ್ತಿಯಲ್ಲೇ ಹೊಟ್ಟೆ ತುಂಬ ಉಂಡು, ಕೈ ತೊಳೆದು, ಮಂಗಲ ಕಾರ್ಯಾಲಯದ ಬಾಗಿಲ ಬಳಿ ಬಂದರು. ಅಲ್ಲೇ ಗೋಡೆಯ ಮೇಲೆ ಮೇನ್ ಕಂಡಿತು. ಕೈ ತನ್ನಷ್ಟಕ್ಕೆ ಮೇಲೆದ್ದಿತು. ಖಟ್! ಒಳಗೆ ಎರಡನೆಯ ಪಂಕ್ತಿ ಆಗಷ್ಟೇ ಕೂತಿತ್ತು. ಆ ಕತ್ತಲಲ್ಲಿ ಯಾರ ಎಲೆಯ ಹೋಳಿಗೆಯನ್ನು ಯಾರು ತಿಂದರೋ, ಬೀಗರು ಇವತ್ತಿಗೂ ಆ ಮಾತು ಎತ್ತುತ್ತಾರೆ.

ಇಂಥ ಮಾವ ನಿವೃತ್ತಿಯಾದ ಮೇಲೆ ಕಂಪ್ಯೂಟರ್ ತಂದರು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಅಂಗಡಿಯವನು ಉದಾರಿ. ವಿಂಡೋಸ್ ಪುಕ್ಕಟೆ ಹಾಕಿಕೊಡುತ್ತೇನೆ ಎಂದ.

"ಪುಕಟ ಹ್ಯಾಂಗ? ಲೈಸನ್ಸ್ ಅದನೋ ಇಲ್ಲೋ?"

"ಅದ್ಯಾರ ಕೇಳ್ತಾರ್ರಿ ಸಾಹೇಬ್ರ? ಎಲ್ಲಾ ಮಂದಿ ಹಿಂಗೇ ಹಾಕಸ್ಕೋತಾರ."

"ಕಂಬಕ್ಕ ಕೊಂಡಿ ಹಾಕಿ ಕರೆಂಟ್ ಕದಿಯೋರು ಭೀ ಇದೇ ಮಾತು ಹೇಳ್ತಿದ್ರು!" ಎಂದು ಮಾವ ಗುಡುಗಿದರಂತೆ. ಕೊಂಡಿ ಹಾಕುವವರಿಗೆ ನೋಟಿಸ್ ಬರೆಯುವುದರಲ್ಲೇ ಬದುಕು ಸವೆಸಿದ ಮನುಷ್ಯ, ತಮ್ಮ ಮನೆಯಲ್ಲಿ ಕದ್ದ ಮಾಲು ಇಟ್ಟುಕೊಳ್ಳುತ್ತಾರೆಯೇ?

ಆಗ ಅವರ ಕೈಗೆ ಸಿಕ್ಕಿದ್ದು ಯಾವುದೋ ಪತ್ರಿಕೆಯ ಜೊತೆ ಬಂದ, ವಿಂಡೋಸಿನ ಹಾಗೆಯೇ ಕಂಪ್ಯೂಟರ್ ನಡೆಸುವ ಲಿನಕ್ಸಿನ ಸಿ.ಡಿ. ಯಾರು ಬೇಕಾದರೂ ಬಳಸಿ, ಹಂಚಿ, ಬೇಕಾದಂತೆ ತಿದ್ದಿಕೊಳ್ಳಿ ಎಂದು ಅದರ ಮೇಲೆ ಬರೆದಿತ್ತು. ಮಾವನ ಕಣ್ಣು ತುಂಬಿ ಬಂತು. "ತಮ್ಮಾ, ಇದು ದಾಸೋಹ ಅದ ನೋಡು! ಕಲ್ಯಾಣದಾಗ ಇದ್ದು ಇದನ್ನ ಬಿಟ್ಟು ಬ್ಯಾರೇದು ಹಾಕ್ಲೇನು?" ಎಂದರು. ಈ ವಾದಕ್ಕೆ ಉತ್ತರ ಕೊಡುವ ಧೈರ್ಯ ಯಾರಿಗಿದೆ ಹೇಳಿ!

ಬಳಸಿದರು, ಹಂಚಿದರು. 'ತಿದ್ದಿ' ಎಂಬ ಮಾತನ್ನು ಜಗತ್ತಿನಲ್ಲಿ ಯಾರೂ ತೆಗೆದುಕೊಳ್ಳದಷ್ಟು ಗಂಭೀರವಾಗಿ ತೆಗೆದುಕೊಂಡರು. ಕಾರಣ ನಮ್ಮ ಅತ್ತೆ. ಹುಮನಾಬಾದಿನ ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಓದಿದವರು. ಭಜನಾ ಮಂಡಳಿಯ ಹಾಡುಗಳನ್ನು ಟೈಪ್ ಮಾಡುವ ಆಸೆ ಅವರಿಗೆ. ಆದರೆ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನಾದರೂ ಮೂಡಿದರೆ ಸಾಕು, ಎರಡೂ ಕೈ ಮೇಲೆತ್ತಿ ಕೂಗುತ್ತಿದ್ದರು: "ಜಲ್ದಿ ಬರ್ರಿ, ಏನೋ ಕೇಳಾಕತ್ತದ!"

ಮಾವ ಆ ಯಂತ್ರಕ್ಕೆ ಮಾತು ಕಲಿಸಲು ಕೂತರು. ಅದು ಆಡುವ ಒಂದೊಂದು ಮಾತನ್ನೂ ಹುಡುಕಿ ತೆಗೆದು ಕನ್ನಡಕ್ಕೆ ತಂದರು. ಪುಸ್ತಕದ ಕನ್ನಡವಲ್ಲ ಸ್ವಾಮಿ, ನಮ್ಮ ಓಣಿಯ ಕನ್ನಡ! ಏನಾದರೂ ತಡವಾದರೆ ಪರದೆಯ ಮೇಲೆ, 'ಜರಾ ತಡ್ರಿ, ಹುಡುಕಾಕತ್ತೀನಿ.' ಏನಾದರೂ ಅಳಿಸಲು ಹೊರಟರೆ, 'ಖರೇನೇ ಒಗೀಲೇನು? ಮತ್ತ ಸಿಗಂಗಿಲ್ಲ ನೋಡ್ರಿ.' ಅದರ ಕೆಳಗೆ ಎರಡು ಗುಂಡಿ: 'ಆಗಲಿ', 'ಒಲ್ಲೆ'. ಯಂತ್ರ ಮುಚ್ಚುವಾಗ, 'ಸಾಕ್ರಿ, ದಣದೀರಿ. ಬಂದ್ ಮಾಡ್ಲೇನು?'

ಈ ಮಾತುಗಳನ್ನು ಬರೆದ ಮಹಾನುಭಾವರು ಮನೆಯಲ್ಲಿ ಹೆಂಡತಿಯ ಜೊತೆ ಹೇಗೆ ಮಾತಾಡುತ್ತಿದ್ದರು ಎಂದು ಕೇಳಿದಿರಾ? ಬೆಳಿಗ್ಗೆ "ಚಾ!" ಮಧ್ಯಾಹ್ನ "ಚಸ್ಮಾ ಎಲ್ಲದ?" ಸಂಜೆ ಮತ್ತೆ "ಚಾ!" ಅಲ್ಲಿಗೆ ಆ ದಿನದ ಸಂಸಾರ ಮುಗಿಯಿತು. ಅತ್ತೆ ನನ್ನ ಮುಂದೆ ಕಂಪ್ಯೂಟರಿನ ತಲೆ ಸವರಿ ಹೇಳುತ್ತಿದ್ದರು, "ಈ ಡಬ್ಬಿ ಎಷ್ಟ ಚಲೋ ಮಾತಾಡ್ತದ ನೋಡು. ಇದಕ್ಕ ಕಲಿಸಿದವ್ರು ತಾವು ಭೀ ಜರಾ ಕಲೀಬಾರ್ದೇನು?" ಮಾವನಿಗೆ ಆಗ ಕಿವಿ ಕೇಳಿಸುತ್ತಿರಲಿಲ್ಲ.

ಆ ಲಿನಕ್ಸು ಹಳತಾಯಿತು. ಹೊಸದು ಹಾಕಿಸಿ ಎಂದು ನಾನು ಹೇಳಿ ಹೇಳಿ ಸೋತೆ. ನಾನು ಹೈಸ್ಕೂಲ್ ಮೇಷ್ಟ್ರು, ಸರಕಾರಿ ಕಂಪ್ಯೂಟರ್ ತರಬೇತಿ ಪಡೆದವನು. ಅಲ್ಲಿ ಕಲಿತದ್ದು ಒಬ್ಬನೇ ಕೂತು ಇಸ್ಪೀಟು ಆಡುವುದನ್ನೇ ಆದರೂ ನಮ್ಮ ಮನೆತನದಲ್ಲಿ ನಾನೇ ತಜ್ಞ! ಮಾವ ಜಗ್ಗಲಿಲ್ಲ. "ಹೊಸದು ಬಂದ್ರ ಮತ್ತ ಇಂಗ್ಲಿಷ್ ಸುರು ಮಾಡ್ತದ. ನಿಮ್ಮತ್ತಿ ಅದರ ಹತ್ರ ಭೀ ಹೋಗಂಗಿಲ್ಲ" ಎನ್ನುತ್ತಿದ್ದರು.

ಕೊನೆಗೆ ಜಗ್ಗಿಸಿದ್ದು ಒಂದು ಪೆನ್‌ಡ್ರೈವು. ಅತ್ತೆಯ ಮಂಡಳಿ ಹುಮನಾಬಾದಿನಲ್ಲಿ ಹಾಡಿದ್ದನ್ನು ಯಾರೋ ರೆಕಾರ್ಡ್ ಮಾಡಿ ಅದರಲ್ಲಿ ತುಂಬಿಸಿ ಕೊಟ್ಟಿದ್ದರು. ಅತ್ತೆ ಕರವಸ್ತ್ರದಲ್ಲಿ ಸುತ್ತಿಕೊಂಡು ತಂದರು. ಹಳೆಯ ಲಿನಕ್ಸು ಅದರ ಗುರುತನ್ನೇ ಹಿಡಿಯಲಿಲ್ಲ! "ನನ್ನ ಹಾಡು ನನ್ನ ಮನ್ಯಾಗೇ ಕೇಳಂಗಿಲ್ಲಂದ್ರ ಇದು ಯಾಕ ಬೇಕು?" ಎಂದು ಅತ್ತೆ ಕಣ್ಣು ಒದ್ದೆ ಮಾಡಿಕೊಂಡರು. ಮಾವ ಆ ದಿನ ಚಾ ಕೂಡ ಕೇಳಲಿಲ್ಲ. ತಮ್ಮ ಕನ್ನಡದ ಮಾತುಗಳನ್ನೆಲ್ಲ ಒಳಗೇ ಒಂದು ಮೂಲೆಯಲ್ಲಿ ಜೋಪಾನವಾಗಿ ಎತ್ತಿಟ್ಟು, ಹೊಸ ಲಿನಕ್ಸಿನ ಡಿ.ವಿ.ಡಿ. ತರಿಸಿದರು.

ಮುಹೂರ್ತ ಎಳ್ಳ ಅಮಾವಾಸ್ಯೆ! ನಮ್ಮ ಕಡೆ ಅಂದು ಊರಿಗೆ ಊರೇ ಹೊಲದಲ್ಲಿರುತ್ತದೆ. ಬಸವಕಲ್ಯಾಣದ ಬೀದಿಗಳು ಕರ್ಫ್ಯೂ ಹಾಕಿದಂತೆ ಬಿಕೋ ಎನ್ನುತ್ತವೆ. ಗಿರಣಿ ಇಲ್ಲ, ಅಂಗಡಿ ಇಲ್ಲ. "ಇಂಥಾ ವೋಲ್ಟೇಜ್ ವರ್ಷಕ್ಕ ಒಮ್ಮೆ ಸಿಗ್ತದ ತಮ್ಮಾ!" ಎಂದು ಮಾವ ಬೆಳಿಗ್ಗೆಯೇ ಡಿ.ವಿ.ಡಿ. ಹಾಕಿ, ಅದು ಏನೂ ಕೇಳದೆ ತಾನೇ ಕೆಲಸ ಮುಗಿಸುವಂತೆ ಹೊಂದಿಸಿದರು. ನಾವೆಲ್ಲ ಕಾಳು, ಸೊಪ್ಪು ಕೂಡಿಸಿ ಕುದಿಸಿದ ಭಜ್ಜಿ, ಕಡಬು, ಸಜ್ಜೆ ರೊಟ್ಟಿಯ ಬುಟ್ಟಿ ಸಮೇತ ಟೆಂಪೋ ಹತ್ತಿದೆವು. ಮಾವ ಎಲ್ಲರಿಗಿಂತ ಕೊನೆಗೆ ಮನೆಯಿಂದ ಹೊರಬಂದು ಬೀಗ ಜಗ್ಗಿ ನೋಡಿ ಹತ್ತಿದರು.

ಮಂಠಾಳದ ನಮ್ಮ ಹೊಲದಲ್ಲಿ ಅವರ ಜಂಬವೋ ಜಂಬ! "ನಾವು ಇಲ್ಲಿ ಭಜ್ಜಿ ಹೊಡ್ಯಾಕತ್ತೀವಿ, ಅಲ್ಲಿ ನನ್ನ ಲಿನಕ್ಸ್ ತಾನೇ ಹೊಸಾದು ಆಗಾಕತ್ತದ!" ಎಂದು ಪಕ್ಕದ ಹೊಲದವರಿಗೂ ಕೂಗಿ ಹೇಳಿದರು. ಅವರು ಲಿನಕ್ಸ್ ಎಂದರೆ ಯಾವುದೋ ಆಕಳು, ಹೋರಿಕರು ಹಾಕುತ್ತಿದೆ ಎಂದುಕೊಂಡು ಸಂತೋಷಪಟ್ಟರು.

ಸಂಜೆ ಮನೆಗೆ ಬಂದೆವು. ಮಾವ ಮುಂದೆ ಹೋಗಿ ದೀಪ ಹಾಕಿದರು. ಕಂಪ್ಯೂಟರ್ ಸತ್ತು ಬಿದ್ದಿತ್ತು. ಗುಂಡಿ ಒತ್ತಿದರೆ, ಏಳುವಾಗ ಪರದೆಯ ಮೇಲೆ ನಾಲ್ಕು ಅಕ್ಷರದ ಹೆಸರು ತೋರಿಸಿ ಮುಂದೆ ಸಾಗಬೇಕಾದ ಯಂತ್ರ ಎರಡೇ ಅಕ್ಷರ ತೋರಿಸಿ ಕಣ್ಣು ಮಿಟುಕಿಸುತ್ತ ನಿಂತುಬಿಟ್ಟಿತು. ಕೆಲಸದ ನಡುವೆ ಕರೆಂಟ್ ಹೋಗಿದೆ! ಮಾವ ಹಳೆಯ ಆಫೀಸಿಗೆ ಫೋನ್ ಮಾಡಿದರು. ಇವತ್ತು ಇಡೀ ಊರಿನಲ್ಲಿ ಒಂದು ಕ್ಷಣವೂ ಹೋಗಿಲ್ಲ ಎಂದು ಅಲ್ಲಿಯವರು ಆಣೆ ಮಾಡಿದರು.

ಮಾವ ಎಲ್ಲರ ಮುಂದೆ ಅತ್ತೆಯ ಕಡೆ ತಿರುಗಿದರು. "ನೀನೇ ಮೇನ್ ತೆಗೆದೀದಿ! ಅಡಗಿ ಮನ್ಯಾಗಿಂದ ಹಿಂದಾಗಡೆ ಬಂದಾಕಿ ನೀನೇ! ಇಷ್ಟ್ ವರ್ಷದ ನನ್ನ ಮಾತೆಲ್ಲಾ ಮಣ್ಣಾಗ ಹೋಯ್ತು!"

ಅತ್ತೆ ಅವರ ಮುಖ ನೋಡಿದರು. ಆಮೇಲೆ, ಯಾಕೋ, ಅವರ ಸೊಂಟ ನೋಡಿದರು. ಮರುದಿನ ಬೆಳಿಗ್ಗೆ ಪೆನ್‌ಡ್ರೈವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹುಮನಾಬಾದಿನ ಅಣ್ಣನ ಮನೆಗೆ ಹೊರಟುಹೋದರು.

ಅತ್ತೆ ಹೋದ ಸುದ್ದಿ ತಿಳಿದು ತಜ್ಞನಾದ ನಾನು ಧಾವಿಸಿದೆ. ಮಾವ ತಾವೇ ಮಾಡಿದ ಉಪ್ಪಿಟ್ಟನ್ನು ಎದುರಿಗಿಟ್ಟುಕೊಂಡು ಕೂತಿದ್ದರು. ಅದನ್ನು ತಿನ್ನುವುದಕ್ಕಿಂತ ಗೋಡೆಗೆ ಮೆತ್ತುವುದು ಸುಲಭವಿತ್ತು. ಡಿ.ವಿ.ಡಿ.ಯಿಂದಲೇ ಯಂತ್ರವನ್ನು ಎಬ್ಬಿಸಿ ಒಳಗಿನ ಡಿಸ್ಕ್ ತೆರೆಯುವ ಉಪಾಯವನ್ನು ಮಾವನೇ ಓದಿ ತಿಳಿದಿದ್ದರು. ನನ್ನ ಪಾಲಿಗೆ ಬಂದದ್ದು "ಹೌದು ಹೌದು" ಎನ್ನುವ ಕೆಲಸ. ತೆರೆದು ನೋಡಿದರೆ ಅರ್ಧ ಹಳೆಯದು, ಅರ್ಧ ಹೊಸದು, ಯಾವುದಕ್ಕೆ ಯಾವುದೂ ಹೊಂದುತ್ತಿಲ್ಲ.

"ನನ್ನ ಮಾತು ಅದಾವೇನು, ಮೊದಲ ಅದು ನೋಡು" ಎಂದರು ಮಾವ.

ಇದ್ದವು! ಎತ್ತಿಟ್ಟ ಮೂಲೆಯಲ್ಲಿ ಎಲ್ಲವೂ ಸುರಕ್ಷಿತ. 'ಜರಾ ತಡ್ರಿ' ಇತ್ತು, 'ದಣದೀರಿ' ಇತ್ತು. ಮಾವ ಒಂದೊಂದನ್ನೂ ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡರು.

ಇನ್ನು ಮೊದಲಿನಿಂದ ಮತ್ತೆ ಹೊಸದನ್ನು ಹಾಕಬೇಕು. "ಈ ಸಲ ಮೇನ್ ಸ್ವಿಚ್ ಯಾರೂ ಮುಟ್ಟಬಾರ್ದು ಮಾಮಾ. ಪೆಟ್ಟಿಗಿ ಬೀಗ ನೋಡಿ ಬರ್ತೀನಿ, ಕೀಲಿ ಕೊಡ್ರಿ" ಎಂದೆ.

ಮಾವನ ಕೈ ತಾನಾಗಿಯೇ ಸೊಂಟಕ್ಕೆ ಹೋಯಿತು. ಉಡದಾರಕ್ಕೆ ಕಟ್ಟಿದ ಪುಟ್ಟ ಕೀಲಿ ಹಿಡಿಯಿತು. ಅಲ್ಲೇ ನಿಂತುಬಿಟ್ಟಿತು.

"ಮಾಮಾ, ಇನ್ನೊಂದು ಕೀಲಿ ಅತ್ತಿ ಬಲ್ಲಿ ಅದ ಏನ್ರಿ?"

"ಇಲ್ಲ."

"ಮತ್ಯಾರ ಬಲ್ಲಿ ಅದ?"

"ಇದೊಂದೇ ಕೀಲಿ" ಎಂದರು ಮಾವ, ನೆಲ ನೋಡುತ್ತ. ಅಂದು ಟೆಂಪೋ ಹತ್ತುವ ಮೊದಲು 'ಖಟ್' ಎಂದ ಸದ್ದನ್ನು ನಾವೆಲ್ಲ ಎಂದಿನಂತೆ ಕೇಳಿದ್ದೆವು, ಎಂದಿನಂತೆ ಮರೆತಿದ್ದೆವು. ಸಂಜೆ ಬಂದು ಅದನ್ನು ಮತ್ತೆ ಮೇಲೆತ್ತಿದ ಕೈಯೂ ಇದೇ!

"ಅತ್ತಿಗಿ ಒಂದು ಫೋನ್ ಮಾಡ್ರಿ" ಎಂದೆ.

"ಏನಂತ ಹೇಳ್ಲಿ? ನಂಗ ಬಾಯಿ ಬರಂಗಿಲ್ಲಪಾ" ಎಂದರು. ಊರನ್ನೇ ನಡುಗಿಸುವ ಬಾಯಿ! ಮತ್ತೆ ಕಂಪ್ಯೂಟರಿಗೆ ಮುಖ ಕೊಟ್ಟು ಕೂತರು. ಹೊಸದನ್ನು ಹಾಕಿದರು. ಹಳೆಯ ಮಾತುಗಳನ್ನು ಅದಕ್ಕೆ ಕೂಡಿಸಿದರು. ಹೊಂದದೇ ಹೋದವುಗಳನ್ನು ಮತ್ತೆ ಬರೆದರು. ಕೆಲಸ ಮುಗಿದ ಮೇಲೆ ನನ್ನನ್ನು ಕರೆಸಿ ಹುಮನಾಬಾದಿನ ಬಸ್ಸು ಹತ್ತಿದರು. ಕೌದಿ ಸುತ್ತಿದ ಕಂಪ್ಯೂಟರ್ ಅವರ ತೊಡೆಯ ಮೇಲೆ, ಪರದೆಯ ಡಬ್ಬ ನನ್ನ ತೊಡೆಯ ಮೇಲೆ.

"ಇದರಾಗ ಏನದರಿ ಕಾಕಾ?" ಎಂದು ಕಂಡಕ್ಟರ್ ಕೇಳಿದ.

"ನಾ ಆಡಬೇಕಾದ ಮಾತು ಅದ" ಎಂದರು ಮಾವ. ಕಂಡಕ್ಟರ್ ನನ್ನ ಮುಖ ನೋಡಿದ. ಮಾವನ ಜೊತೆ ಓಡಾಡುವವರಿಗೆ ಆ ನೋಟ ಹೊಸದಲ್ಲ. ಆದರೆ ಅಂದು ನನಗೆ ನಾಚಿಕೆಯಾಗಲಿಲ್ಲ. ನಿಜ ಹೇಳುತ್ತೇನೆ, ಎದೆಯುಬ್ಬಿ ಬಂತು. ತಪ್ಪು ಒಪ್ಪಿಕೊಳ್ಳಲು ಇಷ್ಟು ಭಾರ ಹೊತ್ತ ಗಂಡಸು ನಮ್ಮ ಮನೆತನದಲ್ಲಿ ಬೇರೆ ಯಾರಿದ್ದಾರೆ?

ಹುಮನಾಬಾದಿನಲ್ಲಿ ಅತ್ತೆಯ ಅಣ್ಣ ನಮ್ಮನ್ನು ಬಾಗಿಲಲ್ಲೇ ಕಂಡು, ಮೊದಲು ಹೋಗಿ ತಮ್ಮ ಮೇನ್ ಸ್ವಿಚ್ಚಿನ ಮುಂದೆ ಕಾವಲು ನಿಂತರು. ಮಾವ ಯಾರನ್ನೂ ಮಾತಾಡಿಸದೆ ಪಡಸಾಲೆಯಲ್ಲಿ ವೈರುಗಳನ್ನು ಜೋಡಿಸಿದರು. ಯಂತ್ರ ಎದ್ದಿತು. ಮಾವ ಮಣೆ ಸರಿಸಿ, ಸುಮ್ಮನೆ ಹಿಂದೆ ಸರಿದು ನಿಂತರು.

ಅತ್ತೆ ಸೆರಗಿನಿಂದ ಕೈ ಒರೆಸಿಕೊಂಡು ಬಂದು ಕೂತರು. ನಾಲ್ಕನೆಯ ಇಯತ್ತೆಯ ಹುಡುಗಿಯ ಹಾಗೆ ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದರು:

"ಮೇನ್ ತೆಗೆದವ ನಾನೇ ಅದೀನಿ. ಸುಳ್ಳೇ ನಿಮ್ಮ ಮ್ಯಾಲ ಹಾಕಿದೆ. ಈಗ ನಿಮ್ಮ ಹಾಡು ಕೇಳ್ತದ. ಮನಿಗಿ ಬರ್ತೀರೇನು?"

ಅತ್ತೆ ಪರದೆಯನ್ನು ಮೇಲಿಂದ ಕೆಳಗೆ ಹುಡುಕಿದರು. ಕೆಳಗೆ ಒಂದೇ ಗುಂಡಿ ಇತ್ತು, 'ಆಗಲಿ.'

"ಇಲ್ಲಿ 'ಒಲ್ಲೆ' ಇರ್ತಿತ್ತಲ್ಲ, ಅದೆಲ್ಲದ?"

ಮಾವ ಗೋಡೆಯ ಕಡೆ ತಿರುಗಿ ಹೇಳಿದರು, "ಅದು ಬರೀಲಿಕ್ಕ ಕೈ ಬರಲಿಲ್ಲ."

ಅತ್ತೆ ಆ ಬೆನ್ನನ್ನೊಮ್ಮೆ ನೋಡಿದರು. ಆಮೇಲೆ ಕರವಸ್ತ್ರ ಬಿಚ್ಚಿ ಪೆನ್‌ಡ್ರೈವ್ ತೆಗೆದು ನನ್ನ ಕೈಗೆ ಕೊಟ್ಟು, 'ಆಗಲಿ' ಒತ್ತಿದರು.