ಗೆರಿಟ್ ಹುಗಿದ ಹಲಗೆ

ಇಷ್ಟಕ್ಕೆಲ್ಲ ಕಾರಣ ಒಂದು ಹಲಗೆ.

ಮಿಶಿಗನ್ ಸರೋವರದ ದಂಡೆಯ ಮರಳುದಿಬ್ಬಗಳ ಪಾರ್ಕಿನ ನಡುವೆ ಹಾದುಹೋಗುವ ಹೆದ್ದಾರಿಯ ಮಗ್ಗುಲಲ್ಲೇ ಗೆರಿಟ್ ಹೂಕ್‌ಸೆಮನ ಮನೆ. ಜಗಲಿಯಲ್ಲಿ ಕೂತು, ಕಾಫಿ ಕುಡಿಯುತ್ತ, ರಸ್ತೆಯಾಚೆಯ ನೀರು ನೋಡುವುದು ಅವನ ನಲವತ್ತು ವರ್ಷದ ಹಕ್ಕು. ಬೇಸಿಗೆ ಬಂತೆಂದರೆ ಊರೂರಿನ ಕಾರುಗಳು ಅವನ ಗೇಟಿನೆದುರೇ ನಿಲ್ಲುತ್ತಿದ್ದವು. ಆಗ ಅವನಿಗೆ ನೀರಿನ ಬದಲು ಚಡ್ಡಿ ತೊಟ್ಟವರ ಬೆನ್ನುಗಳು ಕಾಣುತ್ತಿದ್ದವು.

ಆ ಶನಿವಾರ ಅವನ ತಾಳ್ಮೆ ಕೆಟ್ಟಿತು. ಹಳೆಯ ಹಲಗೆಯೊಂದರ ಮೇಲೆ ಕೆಂಪು ಬಣ್ಣದಲ್ಲಿ 'ಇಲ್ಲಿ ನೋಡುವಂಥದ್ದೇನೂ ಇಲ್ಲ, ಮುಂದೆ ಹೋಗಿ' ಎಂದು ಬರೆದು ಗೇಟಿನ ಪಕ್ಕ ಹುಗಿದ.

ಹತ್ತೇ ನಿಮಿಷದಲ್ಲಿ ಒಂದು ಕಾರು ನಿಂತಿತು. ಹುಡುಗಿಯೊಬ್ಬಳು ಇಳಿದು, ಹಲಗೆಯನ್ನು ತಬ್ಬಿಕೊಂಡು ಫೋಟೊ ತೆಗೆಸಿಕೊಂಡು, ಅಲ್ಲೇ ಫೋನಿನಲ್ಲಿ ಊರಿಗೆಲ್ಲ ಹಂಚಿದಳು. ಮಧ್ಯಾಹ್ನದ ಹೊತ್ತಿಗೆ ಕಾರುಗಳ ಸಾಲು ದಿಬ್ಬ ದಾಟಿತ್ತು. ಮೂರು ಕಾರು ಮರಳಿನಲ್ಲಿ ಹೂತವು. ತೊಲಗಿದರೆ ಸಾಕೆಂದು ಗೆರಿಟ್ ತಾನೇ ಟ್ರ್ಯಾಕ್ಟರ್ ತಂದು ಎಳೆದ. ಜನ ಚಪ್ಪಾಳೆ ತಟ್ಟಿ ಅದರ ಫೋಟೊವನ್ನೂ ತೆಗೆದರು.

"ಸುಮ್ನೆ ಆ ಹಲಗೆ ಕಿತ್ಹಾಕು," ಎಂದಳು ಹೆಂಡತಿ ವರ್ನಾ.

"ನಾನಾ? ಗವರ್ನರೇ ಬಂದು ಹೇಳಿದ್ರೂ ಕೀಳಲ್ಲ!"

ಮೂರು ಗಂಟೆಗೆ ಪಕ್ಕದ ಮನೆಯ ಲೋರ್ನಾ ಪೆಲ್ಕಿ ಕಾಗದ ಹಿಡಿದು ಓಡಿಬಂದಳು. "ಗೆರಿಟ್, ಪಾರ್ಕಿನವರು ಬರ್ತಿದಾರಂತೆ! ಹೆದ್ದಾರಿ ಬದೀಲಿ ಹಲಗೆ ಹಾಕೋ ಹಾಗಿಲ್ವಂತೆ, ಕಿತ್ಕೊಂಡು ಹೋಗ್ತಾರೆ."

"ಬರ್ಲಿ, ನೋಡ್ಕೋತೀನಿ!"

"ಬರೀ ಬಾಯಿ ಮಾಡಿದ್ರೆ ಆಗಲ್ಲಪ್ಪ. ಅರ್ಜಿ ಬರ್ದಿದೀನಿ. ನಿನ್ನ ಸಹಿನೇ ಮೊದ್ಲು ಬೀಳ್ಬೇಕು."

ಗೆರಿಟನ ಕನ್ನಡಕ ಮನೆಯೊಳಗಿತ್ತು. ದಪ್ಪಕ್ಷರದ ಮೊದಲ ಸಾಲು ಮಾತ್ರ ಕಂಡಿತು: 'ಈ ಹಲಗೆಯನ್ನು ಯಾರೂ ಕೀಳಬಾರದು.'

"ಪೂರ್ತಿ ಓದಿ ಹಾಕು," ಎಂದಳು ವರ್ನಾ.

"ಯುದ್ಧದಲ್ಲಿ ಓದ್ತಾ ಕೂರೋಕಾಗುತ್ತಾ?" ಎನ್ನುತ್ತ ಗೆರಿಟ್ ಕಾಗದ ಹರಿಯುವಷ್ಟು ಒತ್ತಿ ಸಹಿ ಹಾಕಿದ. ಲೋರ್ನಾ ಅದನ್ನೆತ್ತಿಕೊಂಡು ಪಾರ್ಕಿನ ಕಚೇರಿಗೆ ಓಡಿದಳು.

ಐದಕ್ಕೆ ಪಾರ್ಕಿನ ಅಧಿಕಾರಿ ಡೇಲ್ ಗಾಡಿಯಿಂದಿಳಿದ. ಗೆರಿಟ್ ಹಲಗೆಯನ್ನು ಎರಡೂ ಕೈಯಲ್ಲಿ ಅವುಚಿಕೊಂಡ. "ಮೊದ್ಲು ನನ್ನ ಕೀಳು, ಆಮೇಲೆ ಇದನ್ನ!"

ಸುತ್ತ ನಿಂತ ಜನ ಜೈಕಾರ ಹಾಕಿದರು.

"ಯಾರು ಕೀಳ್ತಾರೆ ಮಾರಾಯ? ನಾನು ನಿನಗೆ ಥ್ಯಾಂಕ್ಸ್ ಹೇಳೋಕೆ ಬಂದೆ," ಎಂದ ಡೇಲ್. "ಕಾರು ನಿಲ್ಸೋ ಜಾಗಕ್ಕೆ ಎರಡು ವರ್ಷದಿಂದ ಅಲೀತಿದ್ವಿ. ರಸ್ತೆ ಬದಿಯ ಮನೆಯವರನ್ನೆಲ್ಲ ಒಪ್ಪಿಗೆ ಕೇಳಿದ್ವಿ, ಒಬ್ರೂ ಒಪ್ಲಿಲ್ಲ. ಕೊನೆಗೆ, ಯಾರೂ ಒಪ್ಪದಿದ್ರೆ ಲೋರ್ನಾ ಮನೆ ಎದುರೇ ಕಟ್ಟೋದು ಅಂತ ಮೇಲಿಂದ ಆರ್ಡರ್ ಆಗಿತ್ತು. ಅಷ್ಟರಲ್ಲಿ ನೀನೇ ಒಪ್ಕೊಂಡ್ಬಿಟ್ಟೆ!"

ಡೇಲ್ ಅರ್ಜಿಯನ್ನು ಮುಂದೆ ಹಿಡಿದ, ವರ್ನಾ ಕನ್ನಡಕ ತಂದುಕೊಟ್ಟಳು. ಗೆರಿಟ್ ಸಣ್ಣಕ್ಷರದ ಎರಡನೆಯ ಸಾಲು ಓದಿದ: 'ಹಲಗೆ ನೋಡಲು ಬರುವವರಿಗಾಗಿ ನನ್ನ ಗೇಟಿನೆದುರು ನಲವತ್ತು ಕಾರುಗಳ ನಿಲ್ದಾಣ ಹಾಗೂ ಶೌಚಾಲಯ ಕಟ್ಟಲು ನನ್ನ ಒಪ್ಪಿಗೆಯಿದೆ.' ಲೋರ್ನಾಳ ಮನೆಯ ಬಾಗಿಲು ಆಗಲೇ ಹಾಕಿತ್ತು.

"ಶೌಚಾಲಯ ಎಲ್ಲಿ ಬರುತ್ತೆ?"

ಡೇಲ್ ಬೆರಳು ತೋರಿಸಿದ. ಜಗಲಿಗೂ ನೀರಿಗೂ ಸರಿಯಾಗಿ ನಡುವೆ.

ಗೆರಿಟ್ ಹೂಂಕರಿಸಿ, ಹಲಗೆಯನ್ನು ಬುಡಸಮೇತ ಕೀಳಲು ಬಗ್ಗಿದ. ಡೇಲ್ ಅವನ ತೋಳು ಹಿಡಿದ.

"ಮೊದಲ್ನೇ ಸಾಲು ಮರೆತ್ಯಾ? ಯಾರೂ ಕೀಳೋ ಹಾಗಿಲ್ಲ. ನೀನೂ ಅಷ್ಟೇ."