ಹಳೇಬೀಡಿಗೆ ಬಂದ ಸಮುದ್ರ

ಹಳೇಬೀಡಿಗೆ ಸಮುದ್ರ ತಂದವರು ಯಾರು ಎಂದು ಯಾರಾದರೂ ಕೇಳಿದರೆ ನಾನು ಹಿಂದೆಮುಂದೆ ನೋಡದೆ ನಮ್ಮ ಅತ್ತೆಯನ್ನು ತೋರಿಸುತ್ತೇನೆ. ನಗಬೇಡಿ! ದ್ವಾರಸಮುದ್ರ ಎಂದು ಹೆಸರಿಟ್ಟುಕೊಂಡು, ಬಂದವರಿಗೆಲ್ಲ ಬರೀ ಕೆರೆ ತೋರಿಸಿ ಕಾಲ ತಳ್ಳಿದ ಊರು ಇದು. ಆ ಕೊರತೆಯನ್ನು ನೀಗಿಸಿದವಳು ನನ್ನ ಅಪ್ಪನ ತಂಗಿ. ಬೇಲೂರಿನ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತಳಾದವಳು. ಕೆಲಸ ಬಿಟ್ಟರೂ ಕೆಲಸ ಅವಳನ್ನು ಬಿಟ್ಟಿಲ್ಲ. ಮನೆಗೆ ಬಂದವರಿಗೆ ಕಾಫಿ ಕೊಡುವ ಮೊದಲು ನಾಡಿ ಹಿಡಿದು ನೋಡುತ್ತಾಳೆ. ನಾಡಿ ಜೋರಾಗಿದ್ದರೆ ಕಾಫಿ ಇಲ್ಲ, ಮಜ್ಜಿಗೆ!

ಮೊಬೈಲಿನಲ್ಲಿ ಯಾರದೋ ಮನೆಯ ಗಾಜಿನ ತೊಟ್ಟಿ ನೋಡಿದಳಂತೆ. ಅದರೊಳಗೆ ಉಪ್ಪುನೀರು, ಹವಳ, ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಮೀನು. ಮರುವಾರವೇ ಅಂಥದ್ದೊಂದು ತೊಟ್ಟಿ ಲಗೇಜ್ ಆಟೋದಿಂದ ಇಳಿಯಿತು. ಇಳಿದದ್ದು ಅವಳ ಮನೆಯಲ್ಲಲ್ಲ, ಎರಡು ಮನೆ ಆಚೆಗಿನ ನಮ್ಮ ಮನೆಯಲ್ಲಿ, ನಡುಮನೆಯಲ್ಲಿ ಅಪ್ಪ ಕೂರುವ ಕುರ್ಚಿಯ ಎದುರಿಗೇ!

"ಯಾಕತ್ತೆ, ನಿಮ್ಮನೇಲೇ ಇಡಬಹುದಿತ್ತಲ್ಲ?"

"ನಮ್ಮನೆ ಸೂರು ಸೋರ್ತೈತೆ ಕಣೋ."

"ನೀರಿನ ತೊಟ್ಟಿಗೆ ಸೂರು ಸೋರಿದ್ರೇನು?"

"ಸೋರೋದು ಸಿಹಿ ನೀರು ಕಣೋ, ದಡ್ಡ!"

ತೊಟ್ಟಿ ಅಲ್ಲೇ ಉಳಿಯಿತು. ಅಪ್ಪ ಏನೂ ಹೇಳಲಿಲ್ಲ. ಅಮ್ಮ ಹೋದ ಮೇಲೆ ಅಪ್ಪ ಯಾವುದಕ್ಕೂ ಏನೂ ಹೇಳುತ್ತಿರಲಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದವನು. ಎಂಟನೇ ಕ್ಲಾಸಿನಲ್ಲಿ ಗದರಿದರೆ ಹತ್ತನೇ ಕ್ಲಾಸಿನ ಮಕ್ಕಳು ಎದ್ದು ನಿಲ್ಲುತ್ತಿದ್ದರು. ಅಂಥವನ ಮಾತು ಈಗ "ಹೂಂ", "ಬೇಡ" ಎರಡಕ್ಕೆ ಇಳಿದಿತ್ತು. ಗೇಟು ದಾಟಿ ವರ್ಷವಾಗುತ್ತ ಬಂದಿತ್ತು.

ಮೀನುಗಳು ಬೆಂಗಳೂರಿನಿಂದ ಅರಸೀಕೆರೆಯವರೆಗೆ ರೈಲಿನಲ್ಲಿ ಬಂದವು. ಅಲ್ಲಿಂದ ಬಸ್ಸು. ಗಾಳಿ ತುಂಬಿದ ಪ್ಲಾಸ್ಟಿಕ್ ಕವರನ್ನು ಅತ್ತೆ ಎಳೆಗೂಸಿನಂತೆ ತೊಡೆಯ ಮೇಲಿಟ್ಟುಕೊಂಡಿದ್ದಳು. ಕಂಡಕ್ಟರ್ ಬಗ್ಗಿ ನೋಡಿ, "ಸಾರಿಗೆ ಸಾಲಲ್ಲ ಬಿಡಮ್ಮಾ, ಇಷ್ಟ್ ಚಿಕ್ಕವು!" ಎಂದ. ಅತ್ತೆ ದುರುಗುಟ್ಟಿದ ರಭಸಕ್ಕೆ ಚಿಲ್ಲರೆ ಕೊಡುವುದನ್ನೂ ಮರೆತು ಹಿಂದಕ್ಕೆ ಹೋದ. ಬಾಣಾವರ ದಾಟಿ ರಸ್ತೆ ಕೆಟ್ಟಿತು. ಅತ್ತೆ ಕೂತಲ್ಲಿಂದಲೇ ಕೂಗಿದಳು: "ಡ್ರೈವರಪ್ಪಾ, ನಿಧಾನ! ಪೇಷಂಟ್ ಅವ್ರೆ!" ಪಾಪ, ಅವನು ಯಾರೋ ತುಂಬಿದ ಬಸುರಿ ಇದ್ದಾಳೆ ಎಂದುಕೊಂಡು ಎತ್ತಿನ ಗಾಡಿಯ ಹಾಗೆ ಓಡಿಸಿದ. ಹಳೇಬೀಡಿನಲ್ಲಿ ಇಳಿದು ಬಂದು, "ಎಲ್ಲಮ್ಮಾ ಬಸುರಿ?" ಎಂದು ಕೇಳಿದ. ಅತ್ತೆ ಕವರ್ ಎತ್ತಿ ತೋರಿಸಿದಳು!

ಆದರೆ ಅಷ್ಟು ಜೋಪಾನವಾಗಿ ತಂದ ಮೀನುಗಳು ವಾರವೂ ಬದುಕಲಿಲ್ಲ. ಒಂದೊಂದಾಗಿ ಮೇಲೆ ತೇಲಿದವು. ಅತ್ತೆ ತೆಂಗಿನ ಮರದ ಬುಡದಲ್ಲಿ ಗುಂಡಿ ತೋಡಿ, ಅರಿಶಿನ ಕುಂಕುಮ ಹಾಕಿ ಮಣ್ಣು ಮಾಡಿದಳು. ಪಕ್ಕದ ಮನೆಯಾಕೆ ಬೇಲಿಯ ಮೇಲಿಂದ ಇಣುಕಿ, "ಉಪ್ಪು ಹೆಂಗೂ ಹಾಕಿದ್ರಿ, ಖಾರ ಒಂದು ಹಾಕಿದ್ರೆ ಮುಗೀತಿತ್ತಲ್ಲಕ್ಕಾ!" ಎಂದಳು. ಅವತ್ತಿನಿಂದ ಅವಳಿಗೆ ನಮ್ಮ ಮನೆಯ ಕರಿಬೇವು ಬಂದ್!

ಮೀನು ಕೊಟ್ಟ ಅಂಗಡಿಯವನಿಗೆ ಫೋನ್ ಮಾಡಿದರೆ ತಪ್ಪು ತಿಳಿಯಿತು. ಮೀನಿನ ಹೊಲಸು ನೀರಿನಲ್ಲಿ ವಿಷವಾಗುತ್ತದೆ. ಅದನ್ನು ತಿಂದು ಜೀರ್ಣಿಸುವ ಸೂಕ್ಷ್ಮಜೀವಿಗಳು ಹುಟ್ಟಿ ಬೆಳೆಯುವವರೆಗೆ ಹೊಸ ನೀರಿಗೆ ಮೀನು ಬಿಡಬಾರದು. ತಾಲ್ಲೂಕಿನ ಅರ್ಧ ಬಸುರಿಯರಿಗೆ "ತಾಳ್ಮೆ, ತಾಳ್ಮೆ" ಎಂದು ಬುದ್ಧಿ ಹೇಳಿದವಳು, ನೀರಿನ ವಿಷಯದಲ್ಲಿ ಅವಸರ ಮಾಡಿದ್ದಳು.

ಆಮೇಲೆ ವಾರಗಟ್ಟಲೆ ಖಾಲಿ ತೊಟ್ಟಿಯಲ್ಲಿ ನೀರು ಮಾತ್ರ ತಿರುಗುತ್ತಿತ್ತು. ಅತ್ತೆ ದಿನಾ ಬೆಳಿಗ್ಗೆ ಬಂದು ಅಪ್ಪನ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತು ಅದನ್ನೇ ನೋಡುವಳು.

"ಖಾಲಿ ನೀರಲ್ಲಿ ಏನ್ ನೋಡ್ತೀಯತ್ತೆ?"

"ಖಾಲಿ ಅಲ್ಲ ಕಣೋ, ಬಾಣಂತನ ನಡೀತೈತೆ. ಜೋರಾಗಿ ಮಾತಾಡ್ಬೇಡ!"

ಅಪ್ಪ ಕುರ್ಚಿಯಲ್ಲಿ ಕೂತಿರುತ್ತಿದ್ದ. ಅವನೂ ನೀರು ನೋಡುತ್ತಿದ್ದನೋ, ನೀರಿನಾಚೆಯ ಗೋಡೆ ನೋಡುತ್ತಿದ್ದನೋ, ಹೇಗೆ ಹೇಳುವುದು?

ಎರಡನೆಯ ಸಲ ತಂದ ಜೋಡಿ ಮೀನು ಬದುಕಿತು. ಆದರೆ ಪಾಚಿ ಶುರುವಾಯಿತು. ಮೊದಲು ಮರಳಿನ ಮೇಲೆ ಕಂದು ಧೂಳಿನ ಹಾಗೆ, ಆಮೇಲೆ ಕಲ್ಲಿನ ತುಂಬ ಉದ್ದುದ್ದ ಹಸಿರು ಕೂದಲು! ಅತ್ತೆ ಹೊಲಗದ್ದೆಯ ಗೊಬ್ಬರ ಇಳಿದ ಬೋರ್‌ವೆಲ್ ನೀರಿಗೇ ಉಪ್ಪು ಬೆರೆಸುತ್ತಿದ್ದಳು, ಅದರ ಮೇಲೆ ಹೊತ್ತು ಹೊತ್ತಿಗೂ ಮೀನಿಗೆ ಊಟ. "ಇಷ್ಟು ಹಾಕಬೇಡ ಅತ್ತೆ, ಉಳಿದದ್ದು ಕೊಳೆತು ಪಾಚಿಗೆ ಗೊಬ್ಬರ ಆಗುತ್ತೆ," ಎಂದರೆ, "ಹಸ್ಕೊಂಡಿರೋ ಬಾಣಂತಿ ಮುಖ ನೀನು ನೋಡಿದ್ದೀಯಾ?" ಎನ್ನುವಳು. ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಕಲ್ಲು ತಿಕ್ಕಿದಳು. ಆಸ್ಪತ್ರೆಯ ಚಿಮುಟ ಹಿಡಿದು ಒಂದೊಂದೇ ಎಳೆ ಕಿತ್ತಳು. ಅದು ಮತ್ತೆ ಬೆಳೆಯಿತು. ನನ್ನ ಬೋಳುತಲೆ ನೋಡಿ, "ಬೇಕಾದ ಕಡೆ ಬರಲ್ಲ ನೋಡು!" ಎಂದಳು. ಬೇಕಿತ್ತಾ ನನಗೆ?

ಕೊನೆಗೆ ಪಾಚಿ ತಿನ್ನುವ ಸಮುದ್ರದ ಬಸವನಹುಳುಗಳನ್ನು ತರಿಸಿದಳು. ಬಂದವು, ಗಾಜಿಗೆ ಅಂಟಿದವು, ಎರಡು ದಿನ ಮೇಯ್ದವು, ಆಮೇಲೆ ಕಳಚಿ ಬಿದ್ದು ಅಂಗಾತ ಮಲಗಿದವು. ಮೀನುಗಳು ಮಾತ್ರ ಏನೂ ಆಗದವರ ಹಾಗೆ ಓಡಾಡುತ್ತಿದ್ದವು. ಅತ್ತೆಗೆ ತಲೆ ಕೆಟ್ಟಿತು. "ನೀರು ಇನ್ನೂ ಶುದ್ಧ ಆಗ್ಬೇಕು," ಎಂದು ಇಷ್ಟು ದಿನ ಹಿತ್ತಲಲ್ಲಿ ಉಪ್ಪು ಕದಡುತ್ತಿದ್ದ ತಾಮ್ರದ ಹಂಡೆಯನ್ನೇ ಮತ್ತೆ ಹುಣಸೆಹಣ್ಣಿನಲ್ಲಿ ಫಳಫಳ ತಿಕ್ಕಿ, ಅದರಲ್ಲೇ ಉಪ್ಪುನೀರು ಕದಡಿ ತಂದು ಸುರಿಯಲು ನಿಂತಳು.

"ನಿಲ್ಸೇ!"

ನಾನು ಅಡುಗೆಮನೆಯಲ್ಲಿದ್ದೆ. ಬಾಗಿಲಿಗೆ ಬಂದು ಇಣುಕಿದೆ. ನಡುಮನೆಯಲ್ಲಿ ಅಪ್ಪ ಎದ್ದು ನಿಂತಿದ್ದ.

"ಬುದ್ಧಿ ಐತೇನೇ ನಿಂಗೆ? ಅದೇ ಹಂಡೇಲಿ ಕದಡ್ತಿದ್ಯಾ ಇಷ್ಟ್ ದಿನಾನೂ? ಉಪ್ಪುನೀರು ತಾಮ್ರ ಕರಗ್ಸಲ್ವೇನೇ? ತೋಟಕ್ಕೆ ಹೊಡಿಯೋ ಮೈಲುತುತ್ತಾನೂ ತಾಮ್ರಾನೇ ಕಣೇ, ಅದು ಬಿದ್ದ ಕಡೆ ಬಸವನಹುಳ ಬದುಕ್ತದಾ? ಮೂಕಪ್ರಾಣಿಗಳ ಜೀವ ತೆಗ್ದಲ್ಲೇ! ನರ್ಸಂತೆ, ನರ್ಸು!"

ಕಿಟಕಿಯ ಗಾಜು ನಡುಗಿತು. ಬೇಲಿಯಾಚೆ ಪಕ್ಕದ ಮನೆಯಾಕೆ ಎದ್ದು ನಿಂತದ್ದು ಕಾಣಿಸಿತು. ಅತ್ತೆ ಹಂಡೆಯನ್ನು ಅಲ್ಲೇ ಬಿಟ್ಟು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಓಡಿ ಬಂದಳು. ಭುಜಗಳು ಅಲುಗುತ್ತಿದ್ದವು. ಕಣ್ಣಲ್ಲಿ ಧಾರೆ.

"ಅಳಬೇಡ ಅತ್ತೆ, ಅಪ್ಪನಿಗೆ ಸಿಟ್ಟು ಬಂತು, ಅಷ್ಟೇ..."

ಅವಳು ನನ್ನ ಕೈ ಗಟ್ಟಿಯಾಗಿ ಹಿಡಿದಳು. "ಬೈದ ಕಣೋ! ನಿಮ್ಮಪ್ಪ ಬೈದ! ಕೇಳಿಸ್ತಾ ನಿಂಗೆ? ಎಷ್ಟ್ ಚೆನ್ನಾಗ್ ಬೈದ!"

ಮುಂದೆ ನೀರು ಬದಲಾಯಿತು, ಮೀನಿನ ಊಟ ಅಪ್ಪನ ಕೈಗೆ ಹೋಯಿತು, ಪಾಚಿ ನಿಧಾನವಾಗಿ ಇಳಿಯಿತು. ಆ ಜೋಡಿ ಮೀನು ಈಗಲೂ ಅಪ್ಪನ ಎದುರಿಗೆ ಸಂಸಾರ ಮಾಡಿಕೊಂಡಿದೆ. ಅದೆಲ್ಲ ಆಮೇಲಿನ ಮಾತು. ಆ ಹೊತ್ತಿಗೆ ನಡೆದದ್ದು ಇಷ್ಟೇ: ನಡುಮನೆಯಿಂದ ಅಪ್ಪ, "ಕ್ಯಾನ್ ಎಲ್ಲಿಟ್ಟಿದ್ದೀರೋ? ಶುದ್ಧ ನೀರಿನ ಘಟಕದಿಂದ ನಾನೇ ತತ್ತೀನಿ. ಇವಳನ್ನ ನಂಬ್ಕೊಂಡ್ರೆ ಮೀನೂ ಉಳಿಯಲ್ಲ," ಎಂದು ಗೊಣಗಿದ. ಚಪ್ಪಲಿ ಹುಡುಕಿ, ಧೂಳು ಕೊಡವಿ ಮೆಟ್ಟಿಕೊಂಡ. ಗೇಟು ಕಿರ್ರೆಂದಿತು.

ಅತ್ತೆ ಕಿಟಕಿಯ ಸರಳು ಹಿಡಿದು, ಅವನು ರಸ್ತೆಯ ತಿರುವು ದಾಟುವವರೆಗೂ ನೋಡಿದಳು. ಆಮೇಲೆ ಮೂಗು ಒರೆಸಿಕೊಂಡು ನನ್ನ ಕಡೆ ತಿರುಗಿದಳು.

"ಕಾಫಿಗಿಡು, ಈಗ ಬತ್ತಾನೆ. ಸಕ್ಕರೆ ಹಾಕ್ಬೇಡ. ಅದಕ್ಕೂ ಒಂದ್ಸಲ ಬೈಯ್ಲಿ."