ಮಿಸ್ರಿಯಾಳ ಮೊರದಲ್ಲಿ ವಾಲ್ಟರ್ ಸಾಹೇಬರ ಹಾಡು

“ಮಿಸ್ರಿಯಾ, ಕೇಳು! ಇವತ್ತು ಸಂಜೆಯ ಒಳಗೆ ಈ ರೆಕಾರ್ಡನ್ನು ಮದುಮಗಳ ಹಾಗೆ ಫಳಫಳ ಮಾಡದಿದ್ರೆ ನನ್ನ ಹೆಸರು ಅಬ್ದುಲ್ ಗಫೂರೇ ಅಲ್ಲ!”

ಹೆಂಡತಿ ಮಿಸ್ರಿಯಾ ಮೀನಿಗೆ ಮಸಾಲೆ ಹಚ್ಚುತ್ತಿದ್ದಳು. ತಲೆ ಎತ್ತಲಿಲ್ಲ.

“ಹೆಸರು ಬದಲಿಸುವುದಾದ್ರೆ ಇಲ್ಲಿ ಇರ್ಲಿಕ್ಕೆ ಕೊಟ್ಟ ಇಕಾಮಾ ಕಾರ್ಡಿನಲ್ಲೂ ಬದಲಿಸ್ಬೇಕು. ಸ್ವಲ್ಪ ಯೋಚನೆ ಮಾಡಿ ಮಾತಾಡಿ,” ಅಂದಳು.

ಗಫೂರ್ ಯೋಚನೆ ಮಾಡುವ ಜಾತಿಯವನಲ್ಲ, ಕೆಲಸ ಮಾಡುವವನು! ಸೌದಿಯ ದಹ್ರಾನಿನ ಎಂಜಿನಿಯರುಗಳ ಕ್ಯಾಂಪಿನಲ್ಲಿ ಹದಿನಾಲ್ಕು ವರ್ಷಗಳಿಂದ ಏಸಿ ಟೆಕ್ನೀಶಿಯನ್. ಲೋಕದ ಸಕಲ ಕಾಯಿಲೆಗಳಿಗೂ ಅವನ ಬಳಿ ಇದ್ದದ್ದು ಒಂದೇ ಮದ್ದು: ಬಿಚ್ಚು, ತೊಳೆ, ಬಿಸಿಲಿಗೆ ಇಡು. ಇದರಲ್ಲಿ ಅರ್ಧ ಏಸಿ ಫಿಲ್ಟರುಗಳು ಕಲಿಸಿದ್ದು, ಉಳಿದರ್ಧ ಪುತ್ತೂರಿನಲ್ಲಿ ಅವನ ಉಮ್ಮ ಕಲಿಸಿದ್ದು. ಮಳೆಗಾಲ ಮುಗಿದದ್ದೇ ತಡ, ಉಮ್ಮ ಬೂಸ್ಟು ಹಿಡಿದ ಹಾಸಿಗೆ, ಪಾಠಪುಸ್ತಕ, ಚಪ್ಪಲಿ ಎಲ್ಲವನ್ನೂ ಅಂಗಳಕ್ಕೆ ತಂದು ಬಿಸಿಲು ತೋರಿಸುತ್ತಿದ್ದರು. ನೆಗಡಿಯಾದರೆ ಗಫೂರನಿಗೂ ಅದೇ ಅಂಗಳ, ಅದೇ ಬಿಸಿಲು.

ಈಗ ಅವನ ಕೈಯಲ್ಲಿದ್ದ ಗ್ರಾಮಫೋನ್ ರೆಕಾರ್ಡು ವಾಲ್ಟರ್ ಸಾಹೇಬರದ್ದು. ಟೆಕ್ಸಾಸಿನ ಮುದುಕ, ಗಫೂರನ ಬಾಸ್. ಅವರಿಗೆ ಎರಡೇ ಚಟ, ಸಕ್ಕರೆ ಹಾಕದ ಕಾಫಿ ಮತ್ತು ಅವರ ನಾಡಿನ ಹಳೆಯ ಕಂಟ್ರಿ ಹಾಡುಗಳು. ಒಂಬತ್ತು ವರ್ಷಗಳ ಹಿಂದೆ ಮಿಸ್ರಿಯಾಳಿಗೆ ಹೆರಿಗೆ ನೋವು ಶುರುವಾದಾಗ ಗಫೂರನ ಕಾರು ಕೈಕೊಟ್ಟಿತ್ತು. ಸ್ವತಃ ವಾಲ್ಟರ್ ಸಾಹೇಬರೇ ತಮ್ಮ ಜೀಪಿನಲ್ಲಿ ಆಸ್ಪತ್ರೆಗೆ ಹೊತ್ತೊಯ್ದಿದ್ದರು. ದಾರಿಯುದ್ದಕ್ಕೂ ಧೈರ್ಯ ತುಂಬಲೆಂದು ಕಂಟ್ರಿ ಹಾಡು ಹಾಡಿದ್ದರು. ಹಾಡು ನಿಲ್ಲಲಿ ಎಂಬ ಒಂದೇ ಆಸೆಯಿಂದ ತಾನು ಬೇಗ ಹೆತ್ತೆ ಎಂದು ಮಿಸ್ರಿಯಾ ಇಂದಿಗೂ ಹೇಳುತ್ತಾಳೆ. ಆವತ್ತು ಹುಟ್ಟಿದವಳೇ ರುಮೈಸಾ.

ಅಂಥ ಸಾಹೇಬರು ಈಗ ನಿವೃತ್ತರಾಗಿ ಊರಿಗೆ ಹೊರಟಿದ್ದರು. ಮರುದಿನ ಬೆಳಿಗ್ಗೆ ವಿಮಾನ. ಇವತ್ತು ಶುಕ್ರವಾರ, ಸಂಜೆ ಐದಕ್ಕೆ ಕ್ಯಾಂಪಿನ ಹಾಲಿನಲ್ಲಿ ಬೀಳ್ಕೊಡುಗೆ. ಅಲ್ಲಿ ಅವರ ತೀರಿಹೋದ ಹೆಂಡತಿ ಡೋರಿಸಮ್ಮನಿಗೆ ಪ್ರಿಯವಾಗಿದ್ದ ಹಾಡು ಒಮ್ಮೆ ಮೊಳಗಬೇಕು, ಅದನ್ನು ಕೇಳಿಯೇ ತಾನು ಈ ನೆಲ ಬಿಡಬೇಕು ಎಂಬುದೊಂದೇ ಅವರ ಬಯಕೆ.

“ಇದೇ ಹಾಡನ್ನು ಮೂವರು ರೆಕಾರ್ಡ್ ಮಾಡಿದ್ದಾರೆ, ಗಫೂರ್,” ಎಂದು ಅವರು ಪೆಟ್ಟಿಗೆ ತೆರೆದು ಕವರುಗಳ ಚಿತ್ರ ತೋರಿಸಿದ್ದರು. ಅದರಲ್ಲಿ ಇಪ್ಪತ್ತು ರೆಕಾರ್ಡುಗಳಿದ್ದವು. “ಮೊದಲು ಈ ಟೋಪಿಯವನು. ಆಮೇಲೆ ಈ ಗಡ್ಡದವನು. ಕೊನೆಗೆ ಈಕೆ. ಹಾಡು ಮನೆ ಬಿಟ್ಟು ದೂರ ಹೋದ ಲಾರಿ ಡ್ರೈವರನದ್ದು. ಟೋಪಿಯವನು ಹಾಡಿದರೆ ಡ್ರೈವರನ ಮೇಲೆ ಕನಿಕರ ಬರುತ್ತದೆ. ಗಡ್ಡದವನು ಹಾಡಿದರೆ ಲಾರಿಯ ಮೇಲೆ. ಈಕೆ ಹಾಡಿದರೆ ಮಾತ್ರ ಕಿಟಕಿಯಲ್ಲಿ ದೀಪ ಇಟ್ಟು ಕಾಯುವ ಹೆಂಡತಿಯ ಮೇಲೆ. ಡೋರಿಸ್‌ಗೆ ಈಕೆಯೇ ಬೇಕು. ಆದರೆ ಈ ರೆಕಾರ್ಡಿನಲ್ಲಿ ಏನೋ ಒಂದು ಕಮ್ಮಿ ಇದೆ ಎಂದು ಅವಳು ಕೊನೆಯವರೆಗೂ ಹೇಳುತ್ತಿದ್ದಳು. ಏನೆಂದು ಗೊತ್ತಾಗಲೇ ಇಲ್ಲ.”

ಗಫೂರನಿಗೆ ತಕ್ಷಣ ಗೊತ್ತಾಯಿತು! “ಧೂಳು ಸರ್! ಫಿಲ್ಟರಿನದ್ದೂ ಇದೇ ಪ್ರಾಬ್ಲಂ. ನನಗೆ ಬಿಡಿ!” ಅಂದು ಪೆಟ್ಟಿಗೆಯನ್ನೇ ಮನೆಗೆ ತಂದಿದ್ದ.

ಬಿಚ್ಚುವುದು ಆಯಿತು. ಎತ್ತರ ಕೂದಲಿನ ಆ ಗಾಯಕಿಯನ್ನು ಕವರಿನಿಂದ ಹೊರಗೆ ಎಳೆದ. ತೊಳೆಯುವುದು ಆಯಿತು. ಮಗುವಿನ ಶಾಂಪೂ ಹಾಕಿ, ಮೆತ್ತಗಿನ ಬಟ್ಟೆಯಲ್ಲಿ ಉಜ್ಜಿದ. ಇನ್ನು ಮೂರನೆಯ ಸಂಸ್ಕಾರ. ಕೆಳಗಿನಿಂದಲೂ ಗಾಳಿ ಆಡಲಿ ಎಂದು ಗೋಡೆಯಲ್ಲಿ ತೂಗುಹಾಕಿದ್ದ ಮೊರಕ್ಕೆ ಕೈ ಹಾಕಿದ.

“ಓಯ್! ಅದು ನಮ್ಮ ಉಮ್ಮ ಊರಿನಿಂದ ಕಳಿಸಿದ ಮೊರ. ಅದನ್ನು ಮುಟ್ಬೇಡಿ!” ಎಂದಳು ಮಿಸ್ರಿಯಾ.

“ಹತ್ತು ನಿಮಿಷ ಮಾರಾಯ್ತಿ! ನಿನ್ನ ಮೊರ ಸವೆದು ಹೋಗುದಿಲ್ಲ.”

ರೆಕಾರ್ಡನ್ನು ಮೊರದಲ್ಲಿಟ್ಟು, ಮೊರವನ್ನು ಬಾಲ್ಕನಿಯಲ್ಲಿಟ್ಟು, ಗಫೂರ್ ಜುಮಾ ನಮಾಜಿಗೆ ಹೋದ. ಜೂನ್ ತಿಂಗಳ ದಹ್ರಾನ್! ಪುತ್ತೂರಿನ ಬಿಸಿಲು ಬೂಸ್ಟು ತೆಗೆಯುತ್ತದೆ, ಇಲ್ಲಿಯದು ಜೀವ ತೆಗೆಯುತ್ತದೆ ಎಂಬ ಸಣ್ಣ ವ್ಯತ್ಯಾಸ ಆ ಮಹಾನುಭಾವನಿಗೆ ಹೊಳೆಯಲಿಲ್ಲ. ನಮಾಜು ಮುಗಿಸಿ, ಪರಿಚಯದವರೊಂದಿಗೆ ನಾಲ್ಕು ಮಾತಾಡಿ ಬರುವಷ್ಟರಲ್ಲಿ ಒಂದೂಕಾಲು ಗಂಟೆ ಕಳೆದಿತ್ತು.

ಬಾಲ್ಕನಿಯಲ್ಲಿ ಮಗಳು ರುಮೈಸಾ ಮೊರದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಅಪ್ಪನನ್ನು ಕಂಡು ಕೂಗಿದಳು.

“ಉಪ್ಪಾ, ಲುಕ್! ಬೌಲ್ ಆಗಿದೆ. ಸೋ ಕ್ಯೂಟ್!”

ರೆಕಾರ್ಡು ಮೊರದ ಹೊಟ್ಟೆಗೆ ಸರಿಯಾಗಿ ಬಾಗಿ, ಅಂಚು ಮೇಲೆತ್ತಿ ಆರಾಮಾಗಿ ಮಲಗಿತ್ತು. ಸಾರು ಹೊಯ್ದರೆ ಒಂದು ತೊಟ್ಟೂ ಚೆಲ್ಲುವಂತಿರಲಿಲ್ಲ!

“ಎಂತ ಮಾಡಿಟ್ರಿ ಇದು?” ಮಿಸ್ರಿಯಾ ಸೌಟು ಹಿಡಿದೇ ಓಡಿ ಬಂದಳು. “ಮದುಮಗಳು ಮಾಡ್ತೇನೆ ಅಂದ್ರಿ, ಬೋಗುಣಿ ಮಾಡಿದ್ರಿ! ಆ ಮುದುಕನಿಗೆ ಹೆಂಡತಿಯದ್ದು ಅಂತ ಉಳಿದದ್ದು ಇದೊಂದೇ ಅಲ್ವಾ ಮಾರಾಯ್ರೆ!”

ಆ ಮಾತು ಗಫೂರನಿಗೆ ನಾಟಿತು. ಕೆಲಸ ಹೋದರೆ ಇನ್ನೊಂದು ಸಿಗಬಹುದು. ತೀರಿಹೋದವಳ ಹಾಡು ಹೋದರೆ ಎಲ್ಲಿಂದ ತರುವುದು?

“ಫೋನಿನಲ್ಲಿ ಅದೇ ಹಾಡು ಹುಡುಕಿ. ಹಾಲಿನಲ್ಲಿ ರೆಕಾರ್ಡ್ ಪ್ಲೇಯರಿನ ಅಡಿಯಲ್ಲಿ ಫೋನು ಬಚ್ಚಿಟ್ಟು ಬಾರಿಸಿದ್ರಾಯ್ತು,” ಎಂದಳು ಮಿಸ್ರಿಯಾ.

ಹುಡುಕಿದರು. ಟೋಪಿಯವನು ಸಿಕ್ಕಿದ. ಗಡ್ಡದವನು ಸಿಕ್ಕಿದ. ಆ ಪುಣ್ಯಾತ್ಗಿತ್ತಿ ಮಾತ್ರ ಎಲ್ಲಿಯೂ ಇಲ್ಲ!

“ಗಡ್ಡದವನನ್ನೇ ಹಾಕಿ. ಯಾರಿಗೆ ಗೊತ್ತಾಗ್ತದೆ?”

“ಹೆಂಗಸು ಹಾಡುವ ಕಡೆ ಗಂಡಸಿನ ಸ್ವರ ಬಂದ್ರೆ ಗೊತ್ತಾಗುದಿಲ್ವಾ? ಶೀತ ಆಗಿದೆ ಅಂತ ಹೇಳ್ಲಿಕ್ಕುಂಟಾ?”

ಉಳಿದದ್ದು ಒಂದೇ ದಾರಿ, ಒತ್ತಿ ನೆಟ್ಟಗೆ ಮಾಡುವುದು. ಗಫೂರ್ ಇನ್ನೂ ಬೆಚ್ಚಗಿದ್ದ ರೆಕಾರ್ಡನ್ನು ಟೀಪಾಯಿಯ ಗಾಜಿನ ಮೇಲೆ ಇಟ್ಟ. ಅದರ ಮೇಲೆ ಹಾಸಲು ಅಡುಗೆಮನೆಯ ಕಪಾಟಿನಿಂದ ಹಲಗೆ ಎಳೆದ. ಹಲಗೆಯ ಜತೆಗೆ ಮಾವಿನ ಉಪ್ಪಿನಕಾಯಿಯ ಭರಣಿಯೂ ಬಂದು ನೆಲದ ಮೇಲೆ ಪ್ರಾಣ ಬಿಟ್ಟಿತು. ಮಿಸ್ರಿಯಾ ಕಿರುಚಿದಳು. ಹಲಗೆಯ ಮೇಲೆ ಇಪ್ಪತ್ತು ಕಿಲೋ ಕುಚ್ಚಲಕ್ಕಿಯ ಚೀಲ ಹೇರಿದ. ಸಾಲದು ಅನ್ನಿಸಿತು. ಚೀಲದ ಮೇಲೆ ರುಮೈಸಾಳನ್ನು ಕೂರಿಸಿದ!

“ಹೌ ಲಾಂಗ್, ಉಪ್ಪಾ?”

“ವಾಲ್ಟರ್ ಅಂಕಲ್ ನಿನ್ನನ್ನು ಭೂಮಿಗೆ ತಂದವರು ಮಗಾ. ನಾಲ್ಕೂವರೆಯವರೆಗೆ ಕೂರು.”

ನಾಲ್ಕೂವರೆಗೆ ಚೀಲ ಇಳಿಸಿ ನೋಡಿದರು. ಬೋಗುಣಿ ಹೋಗಿತ್ತು. ಆದರೆ ಒಂದು ಬದಿಯಲ್ಲಿ ಅಲೆಯೊಂದು ಎದ್ದು ಹಾಗೇ ನಿಂತಿತ್ತು. ಗಫೂರ್ ರೆಕಾರ್ಡನ್ನು ಕವರಿಗೆ ತುರುಕಿ, ಪೆಟ್ಟಿಗೆ ಎತ್ತಿಕೊಂಡು, ಅಲ್ಲಾಹನ ಮೇಲೆ ಭಾರ ಹಾಕಿ ಹೆಂಡತಿ ಮಗಳೊಂದಿಗೆ ಹೊರಟ.

ಹಾಲಿನಲ್ಲಿ ಜನ ತುಂಬಿದ್ದರು. ವಾಲ್ಟರ್ ಸಾಹೇಬರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಪ್ಲೇಯರಿನ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರು.

“ಸರ್, ಮೊದಲು ಟೋಪಿಯವನದ್ದು ಹಾಕ್ಲಾ? ಬಹಳ ಒಳ್ಳೆ ಮನುಷ್ಯ,” ಗಫೂರ್ ತೊದಲಿದ.

“ಬೇಡ. ಡೋರಿಸ್‌ಳದ್ದು ಹಾಕು.”

ಗಫೂರ್ ಮುಳ್ಳು ಇಳಿಸಿದ. ರೆಕಾರ್ಡು ತಿರುಗಿತು. ಗಾಯಕಿ ಚೆನ್ನಾಗಿಯೇ ಶುರು ಮಾಡಿದಳು. ಅಷ್ಟರಲ್ಲಿ ಅಲೆ ಬಂತು! ಮುಳ್ಳು ಮೇಲೇರಿ ಕೆಳಗಿಳಿಯಿತು. “ವಾಂ...ಯ್ಯ್!” ಎಂದು ಆಕೆಯ ಸ್ವರ ಜಾರುಬಂಡೆಯಲ್ಲಿ ಜಾರಿತು. ಮತ್ತೊಂದು ಸುತ್ತು, ಮತ್ತೊಂದು “ವಾಂ...ಯ್ಯ್!” ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಗಫೂರ್ ಕಣ್ಣು ಮುಚ್ಚಿಕೊಂಡ.

“ಸರ್, ತಪ್ಪು ನನ್ನದು! ತೊಳೆದು ಬಿಸಿಲಿಗಿಟ್ಟೆ! ಅಕ್ಕಿ ಚೀಲದಲ್ಲಿ ಒತ್ತಿದೆ! ಮಗಳನ್ನೂ ಕೂರಿಸಿದೆ!” ಎಂದು ಎಲ್ಲರೆದುರು ಒಂದೇ ಉಸಿರಿಗೆ ಒಪ್ಪಿಕೊಂಡ.

ಕಣ್ಣು ಬಿಟ್ಟು ನೋಡಿದರೆ ವಾಲ್ಟರ್ ಸಾಹೇಬರು ಎದ್ದು ನಿಂತಿದ್ದರು! ಕೆನ್ನೆಯ ಮೇಲೆ ನೀರು, ತುಟಿಯಲ್ಲಿ ನಗು. “ವಾಂಯ್” ಬಂದಾಗಲೆಲ್ಲ ಒಂದು ಕಾಲು ಮಡಿಸಿ ಕುಂಟು ಹೆಜ್ಜೆ ಹಾಕುತ್ತಿದ್ದರು.

“ಇದೇ! ಇದೇ ಕಮ್ಮಿ ಇದ್ದದ್ದು, ಗಫೂರ್!” ಎಂದರು. “ನಾವು ಇಲ್ಲಿಗೆ ಬಂದ ಮೊದಲ ಬೇಸಿಗೆಯಲ್ಲಿ ಡೋರಿಸ್ ಈ ಹಾಡಿನ ರೆಕಾರ್ಡನ್ನು ಕಾರಿನ ಸೀಟಿನಲ್ಲಿ ಮರೆತಿದ್ದಳು. ಅದು ಹೀಗೇ ಸೊಟ್ಟಗಾಗಿತ್ತು. ಹನ್ನೊಂದು ವರ್ಷ ಆ ಸೊಟ್ಟ ಹಾಡಿಗೇ ನಾವು ಅಡುಗೆಮನೆಯಲ್ಲಿ ಕುಣಿದೆವು. ಅದು ಒಡೆದುಹೋದ ಮೇಲೆ ತಂದದ್ದು ಈ ರೆಕಾರ್ಡು. ಅದೇ ಹಾಡು, ಅದೇ ಗಾಯಕಿ. ಆದರೂ ಅವಳಿಗೆ ಹಿಡಿಸಲಿಲ್ಲ. ಯಾಕೆಂದು ಈಗ ಗೊತ್ತಾಯಿತು. ನೀನು ಅವಳ ಹಾಡನ್ನು ವಾಪಸು ಕೊಟ್ಟೆ!”

ಗಫೂರ್ ಕುರ್ಚಿಯ ಮೇಲೆ ಕುಸಿದ. ಅಲ್ಹಮ್ದುಲಿಲ್ಲಾಹ್! ಆದರೆ ಮನುಷ್ಯ ಗಫೂರ್ ತಾನೆ, ಎರಡೇ ನಿಮಿಷದಲ್ಲಿ ಎದೆ ಮತ್ತೆ ಉಬ್ಬಿತು.

“ಹದಿನಾಲ್ಕು ವರ್ಷದ ಅನುಭವ ಸರ್!” ಅಂದ.

ವಾಲ್ಟರ್ ಸಾಹೇಬರು ಜೇಬಿನಿಂದ ಪೆನ್ನು ತೆಗೆದರು. “ಈ ರೆಕಾರ್ಡಿಂಗಿನಲ್ಲಿ ಇನ್ನೊಬ್ಬರ ಕೈವಾಡ ಇದೆ. ಕವರಿನ ಮೇಲೆ ಗಾಯಕಿಯ ಹೆಸರಿನ ಕೆಳಗೆ ಅವರ ಹೆಸರೂ ಇರಬೇಕು,” ಎಂದರು. ಗಫೂರ್ ಕಾಲರ್ ಸರಿಮಾಡಿಕೊಂಡು ಎದ್ದು ನಿಂತ. ಸಾಹೇಬರು ಅವನನ್ನು ದಾಟಿ ಮಿಸ್ರಿಯಾಳ ಕಡೆ ತಿರುಗಿದರು.

“ಇವನು ಇದನ್ನು ಯಾವುದರಲ್ಲಿಟ್ಟು ಒಣಗಿಸಿದ್ದು, ಮೇಡಂ?”

“ಮೊರದಲ್ಲಿ ಸರ್. ಮೊರ.”

ಅವರು ದಪ್ಪ ಅಕ್ಷರಗಳಲ್ಲಿ ಬರೆದರು: ಹಾಡು ಇವರದ್ದು, ಜೊತೆಗೆ ‘ಮೊರ’, ದಹ್ರಾನ್. ಹಾಲಿನಲ್ಲಿ ಚಪ್ಪಾಳೆಯೋ ಚಪ್ಪಾಳೆ! ಗಫೂರನೂ ಚಪ್ಪಾಳೆ ತಟ್ಟಿದ, ಬೇರೇನು ಮಾಡುವುದು?

ಮನೆಗೆ ಬಂದು ಮೊರವನ್ನು ಗೋಡೆಗೆ ತೂಗುಹಾಕಲು ಅವನು ಕೈ ಚಾಚಿದ್ದೇ ತಡ, ಮಿಸ್ರಿಯಾ ಅಡ್ಡ ಬಂದು ನಿಂತಳು.

“ಇನ್ನು ಮೇಲೆ ಕೇಳದೆ ಅದನ್ನು ಮುಟ್ಬೇಡಿ. ಅದೀಗ ಆರ್ಟಿಸ್ಟು ಮಾರಾಯ್ರೆ. ನೀವು ಹೋಗಿ ಆ ಉಪ್ಪಿನಕಾಯಿ ಒರೆಸಿ!”